ಉಮ್ಮನ ಮರೆವಿಗೆ ಸೊಸೆಯನ್ನು ದೂರಬೇಡಿ

ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ನನ್ನ ತಂಗಿಯ ಮನೆ ಇದೆ. ಅವಳ ಅತ್ತೆ ಉಪ್ಪಿನಂಗಡಿ ಕಡೆಯವರು. ಮಗನ ಜೊತೆ ಅಲ್ಲಿಗೆ ಹೋಗಿ ಇಪ್ಪತ್ತು ವರ್ಷ ಆಯಿತು. ನೆರೆಮನೆಯವರ ಹತ್ತಿರ ಚೆನ್ನಾಗಿ ದಖನಿ ಮಾತಾಡುತ್ತಿದ್ದರು. ಈಗ ಆ ಮಾತು ಹೋಗಿದೆ, ಬಾಯಿಗೆ ಬರುವುದು ಬ್ಯಾರಿ ಮಾತ್ರ. ಅಸರ್ ಮುಗಿಸಿ ಎದ್ದವರು ಮತ್ತೆ ವುಳೂ ಮಾಡಲು ಹೋಗುತ್ತಾರೆ. ಉಂಡು ಅರ್ಧ ಗಂಟೆ ಆಗಿರುವುದಿಲ್ಲ, 'ಸೊಸೆ ಅನ್ನ ಕೊಡಲಿಲ್ಲ' ಎಂದು ಬಂದವರಲ್ಲಿ ಹೇಳುತ್ತಾರೆ. ಬಂದವರು ಅದನ್ನು ನಂಬುತ್ತಾರೆ.

ಮನೆಯವರು ಮೊದಲು 'ಪ್ರಾಯ ಆಯ್ತಲ್ವಾ' ಅಂದರು, ಆಮೇಲೆ ಹಟ ಅಂದರು. ಯಾರೋ ನೂಲು ಕಟ್ಟಿಸಿ ಅಂದರು. ವೈದ್ಯರ ಹತ್ತಿರ ಹೋಗುವಾಗ ಒಂದೂವರೆ ವರ್ಷ ಕಳೆದಿತ್ತು. ಅಲ್ಲಿ ಪ್ರಶ್ನೆ ಕೇಳಿದ್ದು ಉರ್ದು, ಕನ್ನಡದಲ್ಲಿ. ಅವರು ಸುಮ್ಮನೆ ಕೂತರು. ಅದನ್ನೇ ತಂಗಿ ಬ್ಯಾರಿಯಲ್ಲಿ ಕೇಳಿದಾಗ ತನ್ನ ಉಮ್ಮನ ಹೆಸರು, ಹುಟ್ಟಿದ ಊರು ಎರಡನ್ನೂ ಹೇಳಿದರು.

ಮರೆವಿನ ಕಾಯಿಲೆ ಇರುವ ಅನೇಕರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ತಾಯಿಭಾಷೆ ಉಳಿಯುತ್ತದೆ. ಆದ್ದರಿಂದ ಪರೀಕ್ಷೆಗೆ ಕರೆದೊಯ್ಯುವಾಗ ಬ್ಯಾರಿ ಬಲ್ಲವರೊಬ್ಬರು ಜೊತೆಗಿರಲೇಬೇಕು. ಅವರು ಶಾಲೆಗೆ ಹೋದವರಲ್ಲ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಲೆಕ್ಕ, ಬರವಣಿಗೆಯ ಪರೀಕ್ಷೆಯಲ್ಲಿ ಅದು ವ್ಯತ್ಯಾಸ ಮಾಡುತ್ತದೆ.

ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿ ಶುರುವಾದರೆ ಸೋಂಕೋ ಪಾರ್ಶ್ವವಾಯುವೋ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ದುಆ ಮಾಡೋಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಆದ ಹೆಸರಲ್ಲಿ ಪರೀಕ್ಷೆ ತಡವಾಗಬಾರದು.

ಎಲ್ಲಿಗೆ ಹೋಗುವುದು? 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಯೋಜನೆ ಶುರುಮಾಡಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಕ್ಲಿನಿಕ್ ನಡೆಸುವುದು ಅದರ ಉದ್ದೇಶ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರು ತಮ್ಮ ಸಂಕಟಕ್ಕೂ ಕರೆ ಮಾಡಬಹುದು. ಹಿರಿಯರ ಸಹಾಯವಾಣಿ 14567.

ಮನೆಯಲ್ಲಿ ವಾದ ಬೇಡ. 'ಆಗಲೇ ಉಂಡಿರಲ್ಲ' ಎನ್ನುವ ಬದಲು ಒಂದು ತುಂಡು ಹಣ್ಣು ಕೊಡಿ. ನಮಾಜಿಗೆ ನಿಂತಾಗ ರಕಅತ್ ತಪ್ಪಿದರೆ ಗದರಬೇಡಿ, ಪಕ್ಕದಲ್ಲಿ ನಿಂತು ಜೊತೆ ಕೊಡಿ. ಹೊರಗೆ ಹೋಗಿ ದಾರಿ ತಪ್ಪುವವರ ಜೇಬಿನಲ್ಲಿ ಮನೆಯ ಫೋನ್ ನಂಬರ್ ಇರಲಿ.

ನನ್ನ ಮುಖ್ಯ ಮಾತು ಜಮಾಅತ್‌ಗಳಿಗೆ. ಮುಪ್ಪಿನ ತಂದೆ ತಾಯಿಯ ಮುಂದೆ ಬೇಸರದ ಉಸಿರು ಕೂಡ ಬಿಡಬಾರದೆಂದು ಮದ್ರಸದಲ್ಲಿ ಕಲಿತವರು ನಾವು. ಆ ಪಾಠ ಎಲ್ಲರದು, ಅದರ ದುಡಿಮೆ ಮಾತ್ರ ಒಬ್ಬ ಸೊಸೆಯ ಅಥವಾ ಮಗಳ ತಲೆಗೆ. ರಾತ್ರಿ ನಿದ್ದೆಯಿಲ್ಲ, ಮದುವೆ ಮನೆಗೆ ಹೋಗುವಂತಿಲ್ಲ, ಮೇಲಿಂದ ಕೆಟ್ಟ ಹೆಸರು. ಖತೀಬರು ಒಂದು ಜುಮಾದಲ್ಲಿ ಐದು ನಿಮಿಷ ಈ ಕಾಯಿಲೆಯ ಬಗ್ಗೆ ಹೇಳಲಿ. ಗಂಡುಮಕ್ಕಳು ಹಣ ಕಳಿಸಿದರೆ ಸಾಲದು, ಸರದಿ ಪ್ರಕಾರ ಉಮ್ಮನ ಹತ್ತಿರ ಕೂರಲಿ. ನೆಂಟರು ವಾರಕ್ಕೆ ಎರಡು ಗಂಟೆ ಬಿಡುವು ಕೊಡಲಿ.

ಕಳೆದ ಸಲ ಹೋದಾಗ ಆ ಹಿರಿಯರಿಗೆ ನನ್ನ ಗುರುತು ಸಿಗಲಿಲ್ಲ. ಬ್ಯಾರಿಯಲ್ಲಿ ಕ್ಷೇಮ ಕೇಳಿದೆ. ನನ್ನ ಕೈ ಹಿಡಿದುಕೊಂಡರು, ಹೊರಡುವ ತನಕ ಬಿಡಲಿಲ್ಲ. ತಂಗಿ ಅಷ್ಟು ಹೊತ್ತು ಒಳಗೆ ಹೋಗಿ ಮಲಗಿದಳು.