ಹೊಸ ಸಭೆ ಏತಕ್ಕೆ?



ತಾಯಿಸಭೆ ಇರುವಾಗ ದೂರದ ಡಿವಿಜನ್ನಿನ ಲೈನು ಮನೆಗಳಲ್ಲಿ ಇನ್ನೊಂದು ಸಭೆ ಏತಕ್ಕೆಂದು ನಮ್ಮ ಹಿರಿಯರಲ್ಲಿ ಕೆಲವರು ಕೇಳುತ್ತಾರೆ. ಜನ ಹಂಚಿಹೋದಾರು, ಕಾಣಿಕೆ ಕಡಿಮೆಯಾದೀತು, ಸಭಾಪಾಲಕರ ಸಂಬಳಕ್ಕೂ ಕೊರತೆ ಬಿದ್ದೀತು ಎಂಬುದು ಅವರ ಅಂಜಿಕೆ. ಇದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೂ ಹೊಸ ಸಭೆಗಳು ಹುಟ್ಟಬೇಕೆಂದೇ ನಮ್ಮ ಅಭಿಪ್ರಾಯ.

ಭಾನುವಾರ ದೇವಾಲಯಕ್ಕೆ ಬಂದವರನ್ನು ಎಣಿಸುತ್ತೇವೆ. ಬಾರದವರನ್ನು ಎಣಿಸುವವರು ಯಾರು? ವಾರವೆಲ್ಲಾ ಬೆನ್ನಿಗೆ ಚೀಲ ಹೊತ್ತು ಎಲೆ ಕೊಯ್ದ ತಾಯಿಗೆ ಬಟ್ಟೆ ಒಗೆಯುವುದಕ್ಕೂ ಸೌದೆ ತರುವುದಕ್ಕೂ ಸಂತೆಗೂ ಇರುವುದು ಅದೊಂದೇ ದಿನ. ಮಂಡಿ ನೋಯುವ ಅಜ್ಜಿಗೆ ಗುಡ್ಡ ಹತ್ತಿ ಇಳಿಯಲಾಗದು. ಮಕ್ಕಳನ್ನೆಲ್ಲಾ ಬಸ್ಸಿನಲ್ಲಿ ಕರೆತರುವುದು ಎಲ್ಲರ ಕೈಲಾಗುವ ಮಾತಲ್ಲ. ಇವರು ವಿಶ್ವಾಸ ಬಿಟ್ಟವರಲ್ಲ, ದಾರಿ ದೂರವಾದವರು.

ಅಂತಿಯೋಕ್ಯದ ಸಭೆ ಹೇಗೆ ಹುಟ್ಟಿತೆಂದು ಅಪೊಸ್ತಲರ ಕೃತ್ಯಗಳು 11ನೆಯ ಅಧ್ಯಾಯದಲ್ಲಿ ಓದಿರಿ. ಅದನ್ನು ನೆಟ್ಟವರು ಅಪೊಸ್ತಲರಲ್ಲ. ಹಿಂಸೆಯಿಂದ ಚದರಿಹೋದ ಸಾಮಾನ್ಯ ವಿಶ್ವಾಸಿಗಳು. ಅವರ ಹೆಸರು ಸಹ ಅಲ್ಲಿಲ್ಲ. ಯೆರೂಸಲೇಮಿನ ತಾಯಿಸಭೆ ಅವರನ್ನು ತಡೆಯಲಿಲ್ಲ. ಬಾರ್ನಬನನ್ನು ಕಳುಹಿಸಿತು, ಅವನು ಕಂಡು ಸಂತೋಷಪಟ್ಟನು. ಮುಂದೆ ಬರಗಾಲ ಬಂದಾಗ ಯೂದಾಯದ ಸಹೋದರರಿಗೆ ಹಣ ಕಳುಹಿಸಿದ್ದು ಆ ಹೊಸ ಸಭೆಯೇ. ಕಾಣಿಕೆ ಕಡಿಮೆಯಾದೀತೆಂದು ಅಂಜುವವರಿಗೆ ಬೇರೆ ಉತ್ತರ ಬೇಕೇ? ಅಕ್ವಿಲ ಪ್ರಿಸ್ಕಿಲ್ಲರು ಗುಡಾರ ಮಾಡುವ ಕಸುಬಿನವರು. ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು. ಕೂಲಿಯವನ ಮನೆ ಸಭೆಗೆ ತಕ್ಕದ್ದಲ್ಲವೆನ್ನುವವರು ಇದನ್ನು ನೆನೆಯಲಿ.

ನೀಲಗಿರಿ ಬೆಟ್ಟದಲ್ಲಿಯೂ ಕೆಲಸ ಹೀಗೆಯೇ ನಡೆಯಿತು. ಬಾಸೆಲ್ ಮಿಷನ್ನಿನವರು 1846ರಲ್ಲಿ ಕೇತಿಯಲ್ಲಿ ಆರಂಭಿಸಿದರು. ಬಡಗರಲ್ಲಿ ಮೊದಲನೆಯ ದೀಕ್ಷಾಸ್ನಾನವಾದದ್ದು 1858ರಲ್ಲಿ. ಹನ್ನೆರಡು ವರ್ಷ ಹಟ್ಟಿಯಿಂದ ಹಟ್ಟಿಗೆ ನಡೆದ ಮೇಲೆ ಒಂದು ಫಲ! 1890ರಲ್ಲಿ ಲೂಕನ ಸುವಾರ್ತೆ ಬಡಗ ಮಾತಿನಲ್ಲಿ, ಕನ್ನಡ ಅಕ್ಷರದಲ್ಲಿ ಅಚ್ಚಾಯಿತು. ಜನರಿದ್ದಲ್ಲಿಗೆ ಹೋಗಬೇಕು, ಅವರ ಮಾತಿನಲ್ಲಿ ಹೇಳಬೇಕು, ಕಾಯಬೇಕು. 1964ರ ಸಿರಿಮಾವೋ ಶಾಸ್ತ್ರಿ ಒಪ್ಪಂದದ ತರುವಾಯ ಲಂಕೆಯಿಂದ ಮರಳಿದ ಕುಟುಂಬಗಳು ಇಲ್ಲಿನ ತೋಟಗಳಿಗೆ ಬಂದವು. ಈಗ ಜಾರ್ಖಂಡ್, ಅಸ್ಸಾಮ್ ಕಡೆಯಿಂದ ಕೆಲಸಗಾರರು ಬರುತ್ತಿದ್ದಾರೆ. ಅವರಲ್ಲಿ ವಿಶ್ವಾಸಿಗಳೂ ಉಂಟು. ನಮ್ಮ ಕನ್ನಡ ಪ್ರಸಂಗ ಅವರಿಗೆ ತಿಳಿಯದು. ಅವರು ಎಲ್ಲಿ ಕೂಡಬೇಕು?

ಆದರೆ ಜಗಳದಿಂದ ಹುಟ್ಟಿದ್ದು ಸಭೆಯಲ್ಲ, ಪಕ್ಷ. ಹಿರಿಯನ ಸ್ಥಾನ ಸಿಗಲಿಲ್ಲವೆಂದು ಬೇರೆ ಕೂಡುವುದೂ, ಪಕ್ಕದ ಸಭೆಯ ಕುಟುಂಬಗಳನ್ನು ಸೆಳೆದು ಲೆಕ್ಕ ತುಂಬಿಸುವುದೂ ನೆಡುವ ಕೆಲಸವಲ್ಲ. ಅಕ್ಕಿ ಬಟ್ಟೆಯ ಆಸೆ ತೋರಿಸಿ ಯಾರನ್ನೂ ಕರೆಯಬಾರದು. ಹಾಗೆ ಬಂದವರು ಅಕ್ಕಿ ಮುಗಿದಾಗ ಹೋಗುವರು. ನೆರೆಮನೆಯವರು ನಮ್ಮ ಮೇಲಿಟ್ಟ ನಂಬಿಕೆಯೂ ಹೋಗುವುದು. ಕಾಣಿಕೆಯ ಲೆಕ್ಕವನ್ನು ಮೊದಲ ದಿನದಿಂದಲೇ ಎಲ್ಲರ ಮುಂದೆ ಓದಬೇಕು.

ಈ ತಿಂಗಳು ಪ್ರತಿ ಸಭೆಯ ಹಿರಿಯರು ಒಂದು ಕೆಲಸ ಮಾಡಲಿ. ಯಾವ ಲೈನಿನಿಂದ ಯಾರೂ ಬರುತ್ತಿಲ್ಲವೆಂದು ಬರೆದುಕೊಳ್ಳಲಿ. ಅಲ್ಲಿ ಒಂದು ಮನೆಯವರ ಒಪ್ಪಿಗೆ ಪಡೆದು, ವಾರಕ್ಕೊಂದು ಸಂಜೆ ಕೆಲಸ ಬಿಟ್ಟ ಮೇಲೆ ಪ್ರಾರ್ಥನೆಗೆ ಕೂಡಲಿ. ಸಭಾಪಾಲಕರು ತಿಂಗಳಿಗೊಮ್ಮೆ ಅಲ್ಲಿಗೇ ಹೋಗಿ ಕರ್ತನ ಭೋಜನ ಕೊಡಲಿ. ಇಬ್ಬರು ಮೂವರು ಸೇರಿದಲ್ಲಿ ತಾನಿರುವೆನೆಂದ ಕರ್ತನು ಆ ಚಿಕ್ಕ ಕೂಟವನ್ನು ಬೆಳೆಸುವನು.