ಒಣನಾಡಿನ ಅಂಚು: ಹಳಿಯಾಳ–ಮುಂಡಗೋಡ ಸೀಮೆಯ ನೆಲೆಗಳ ಪ್ರಶ್ನೆ

ಕರ್ನಾಟಕದ ಪ್ರಾಚೀನ ನೆಲೆಗಳನ್ನು ಕುರಿತು ಬರೆಯುವಾಗ ನಾವು ಎರಡು ಸಿದ್ಧ ಪದಗಳನ್ನು ಯೋಚಿಸದೆಯೇ ಬಳಸುತ್ತೇವೆ: ಮಲೆನಾಡು ಮತ್ತು ಬಯಲುಸೀಮೆ. ಇವು ಎಂದೆಂದಿಗೂ ಹೀಗೆಯೇ ಇದ್ದವೆಂದು, ಇವುಗಳ ನಡುವಿನ ಗೆರೆ ಕದಲದೆ ನಿಂತಿತ್ತೆಂದು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇವೆ. ಪ್ರಸ್ತುತ ಬರಹ ಈ ಒಪ್ಪಿಗೆಯನ್ನು ಪ್ರಶ್ನಿಸುತ್ತದೆ. ಒಣನಾಡಿನ ಆದಿಮ ನೆಲೆಗಳನ್ನು ಅರಿಯಲು ಒಣನಾಡನ್ನು ಮಾತ್ರ ನೋಡಿದರೆ ಸಾಲದು, ಅದರ ಪಶ್ಚಿಮದ ಅಂಚನ್ನೂ ನೋಡಬೇಕು ಎಂಬುದು ನನ್ನ ವಾದ. ಆ ಅಂಚು ಉತ್ತರ ಕನ್ನಡ ಜಿಲ್ಲೆಯ ಪೂರ್ವಭಾಗದಲ್ಲಿ, ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಹಾದುಹೋಗುತ್ತದೆ.

ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ಮಳೆ ಐದು ಸಾವಿರ ಮಿಲಿಮೀಟರ್ ದಾಟುವ ವರ್ಷಗಳುಂಟು. ಅಲ್ಲಿಂದ ದಾಂಡೇಲಿಯ ತೇಗದ ಕಾಡನ್ನು ಹಾದು ಹಳಿಯಾಳಕ್ಕೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಧಾರವಾಡದಲ್ಲಿ ಎಂಟುನೂರು, ಬಳ್ಳಾರಿಯ ಕಡೆಗೆ ಐದುನೂರು. ಬಸ್ಸಿನಲ್ಲಿ ಒಂದು ಹಗಲು ಕುಳಿತರೆ ನಿತ್ಯಹರಿದ್ವರ್ಣದ ಕಾಡು, ಎಲೆಯುದುರುವ ಕಾಡು, ಭತ್ತದ ಗದ್ದೆ, ಹತ್ತಿಯ ಎರೆಹೊಲ ಎಲ್ಲವೂ ಕಿಟಕಿಯಾಚೆ ಸರಿದುಹೋಗುತ್ತವೆ. ಇಷ್ಟು ಕಡಿದಾದ ಏರುಪೇರಿರುವಲ್ಲಿ ಮುಂಗಾರು ಸ್ವಲ್ಪ ಬಲಗುಂದಿದರೂ ಗೆರೆ ಪಶ್ಚಿಮಕ್ಕೆ ಸರಿಯುತ್ತದೆ. ಬಲಗೊಂಡರೆ ಪೂರ್ವಕ್ಕೆ.

ಒಣನಾಡಿನಿಂದಲೇ ಆರಂಭಿಸೋಣ. ಕ್ರಿ.ಪೂ. ಸುಮಾರು 3000ದಿಂದ 1200ರವರೆಗಿನ ದಕ್ಷಿಣದ ನವಶಿಲಾಯುಗದ ನೆಲೆಗಳು ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ದಟ್ಟವಾಗಿವೆ. ಸಂಗನಕಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳ, ಮಸ್ಕಿ, ಬೂದಿಹಾಳ ಇವು ಪ್ರಸಿದ್ಧ ಹೆಸರುಗಳು. ಬೂದಿದಿಬ್ಬಗಳು ಸಗಣಿ ಸುಟ್ಟು ಉಳಿದ ರಾಶಿಗಳೆಂದು ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ಊಹಿಸಿದ್ದ. ಎಫ್. ಆರ್. ಆಲ್ಚಿನ್ ಉತ್ನೂರಿನ ಉತ್ಖನನದಿಂದ ಅದನ್ನು ದೃಢಪಡಿಸಿದರು. ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ದನದ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯನ್ನು ಗುರುತಿಸಿದರು. ಇಲ್ಲಿ ನೆಲದ ಪಾತ್ರ ಸ್ಪಷ್ಟವಾಗಿದೆ. ಕಲ್ಲುಗುಡ್ಡಗಳ ಮೇಲೆ ಬಿದ್ದ ಮಳೆ ಬುಡದಲ್ಲಿ ಇಂಗಿ ಊಟೆಯಾಗಿ ಉಳಿಯುತ್ತದೆ. ಜನ ಆ ಬುಡದಲ್ಲಿ, ಇಲ್ಲವೇ ಗುಡ್ಡದ ಮೇಲೆಯೇ ನೆಲೆಸಿದರು. ಇಂದು ನಾವು ಫಲವತ್ತೆಂದು ಹೊಗಳುವ ಎರೆಭೂಮಿಯನ್ನು ಅವರು ಬಹುಮಟ್ಟಿಗೆ ಬಿಟ್ಟರು. ಮಳೆಗಾಲದಲ್ಲಿ ಕಾಲು ಹೂಳುವ, ಬೇಸಿಗೆಯಲ್ಲಿ ಬಿರುಕು ಬಿಡುವ ಆ ಮಣ್ಣು ಕಲ್ಲಿನ ಉಪಕರಣಕ್ಕೆ ಒಗ್ಗುವಂಥದಲ್ಲ.

ಇನ್ನು ಹವೆಯ ಪಾತ್ರ. ಇಂದಿಗೆ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಮುಂಗಾರು ಕ್ರಮೇಣ ಕುಗ್ಗುತ್ತ ಬಂದಿತು. ದಖ್ಖನಿನ ಕಾಡು ತೆಳುವಾಗಿ ಹುಲ್ಲುಗಾವಲು ಹರಡಿತು. ದನ ಸಾಕುವವರಿಗೆ ಇದು ಆಪತ್ತಾಗಿರಲಿಲ್ಲ, ಅವಕಾಶವಾಗಿತ್ತು. ಒಣಗುವಿಕೆಯೆಂದರೆ ಕ್ಷಾಮ, ವಲಸೆ, ಅವನತಿ ಎಂಬ ನಮ್ಮ ಕಾಲದ ಭಯವನ್ನು ಅವರ ಮೇಲೆ ಹೇರುವುದು ಸರಿಯಲ್ಲ. ಅವರು ಒಣನಾಡಿಗೆ ದೂಡಲ್ಪಟ್ಟವರಲ್ಲ, ಅದನ್ನು ಆರಿಸಿಕೊಂಡವರು.

ಆದರೆ ಅವರ ಕಾಳುಗಳ ಕಥೆ ಬೇರೊಂದು ದಿಕ್ಕಿಗೆ ಕೈತೋರಿಸುತ್ತದೆ. ಡೋರಿಯನ್ ಫುಲ್ಲರ್ ಮತ್ತು ಧಾರವಾಡದ ರವಿ ಕೋರಿಶೆಟ್ಟರ್ ಅವರ ಅಧ್ಯಯನಗಳ ಪ್ರಕಾರ ಈ ನೆಲೆಗಳ ಮೊದಲ ಬೆಳೆಗಳು ಕೊರಲೆ, ನವಣೆಯ ಜಾತಿಯ ಒಂದು ಸಣ್ಣ ಹುಲ್ಲುಧಾನ್ಯ, ಹುರುಳಿ ಮತ್ತು ಹೆಸರು. (ಹಳ್ಳೂರಿನಲ್ಲಿ ಸಿಕ್ಕಿತೆಂದು ನಮ್ಮ ತರಗತಿಗಳಲ್ಲಿ ಇಂದಿಗೂ ಹೇಳಲಾಗುವ ರಾಗಿಯ ಗುರುತಿಸುವಿಕೆಯನ್ನು ನಂತರದ ಸಸ್ಯಪುರಾತತ್ವಜ್ಞರು ಸಂದೇಹಿಸಿದ್ದಾರೆ, ಆ ಮಾತನ್ನು ಕೈಬಿಡುವ ಕಾಲ ಬಂದಿದೆ.) ಇವುಗಳಲ್ಲಿ ಹುರುಳಿ ಒಣ ಕುರುಚಲಿನ ಸಸ್ಯ. ಹೆಸರಿನ ಕಾಡುಬಳ್ಳಿಯಾದರೋ ಘಟ್ಟದ ಮಗ್ಗುಲಿನ, ಎಲೆಯುದುರುವ ತೇವದ ಕಾಡಿನ ಅಂಚಿನಲ್ಲಿ ಬೆಳೆಯುವಂಥದು. ಹಳಿಯಾಳ, ಮುಂಡಗೋಡಗಳ ಕಾಡು ಅದೇ ಬಗೆಯದು. ಹೆಸರು ಮೊದಲಿಗೆ ಪಳಗಿದ್ದು ಈ ತಾಲ್ಲೂಕುಗಳಲ್ಲಿಯೇ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಒಣನಾಡಿನ ಒಲೆಯಲ್ಲಿ ಬೆಂದ ಕಾಳೊಂದು ಕಾಡಿನ ಅಂಚನ್ನು ಬಲ್ಲವರ ಕೈಯಿಂದ ಬಂದಿತು ಎಂಬಷ್ಟು ಮಾತ್ರ ನನ್ನ ವಾದಕ್ಕೆ ಸಾಕು.

ಕಾಡಿನ ಕಡೆಯ ಸಾಕ್ಷ್ಯ ಇರುವುದು ಸಮುದ್ರದಲ್ಲಿ. ಜೊಯಿಡಾದ ಡಿಗ್ಗಿಯ ಬಳಿ ಹುಟ್ಟಿ, ದಾಂಡೇಲಿಯನ್ನು ಬಳಸಿ ಹರಿಯುವ ಕಾಳಿ ನದಿ ಕಾರವಾರದಲ್ಲಿ ಕಡಲನ್ನು ಸೇರುತ್ತದೆ. ಸಾವಿರಾರು ವರ್ಷ ಅದು ಹೊತ್ತು ತಂದ ಕೆಸರಿನಲ್ಲಿ ಕಾಡಿನ ಪರಾಗಗಳೂ ಇವೆ. ಕಾರವಾರದಾಚೆಯ ಕಡಲತಳದಿಂದ ತೆಗೆದ ಕೆಸರಿನ ಕಂಬಗಳನ್ನು ಪರೀಕ್ಷಿಸಿ ಕ್ಯಾರಟಿನಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಫಲಿತಾಂಶ ನಮ್ಮ ವಿಭಾಗಗಳಲ್ಲಿ ಚರ್ಚೆಗೆ ಬಂದದ್ದನ್ನು ನಾನು ಕಂಡಿಲ್ಲ. ಇಂದಿಗೆ ಸುಮಾರು 3500 ವರ್ಷಗಳ ಹಿಂದೆ ಕಾಡುಮರಗಳ ಮತ್ತು ಕಾಂಡ್ಲಾ ಗಿಡಗಳ ಪರಾಗ ಇಳಿದು, ಹುಲ್ಲುಗಾವಲಿನ ಸಸ್ಯಗಳ ಪರಾಗ ಏರಿದೆ. ಹವೆಯಲ್ಲಿ ತೇವ ಕುಗ್ಗಿತೆಂಬುದು ಅವರ ನಿರ್ಣಯ. ಕುಮಟೆಯಲ್ಲಿದ್ದುಕೊಂಡು ಜಿಲ್ಲೆಯ ಕಾಡುಗಳನ್ನು ಅಧ್ಯಯನ ಮಾಡಿದ ಎಂ. ಡಿ. ಸುಭಾಷ್ ಚಂದ್ರನ್ ಅವರು ಪಶ್ಚಿಮ ಘಟ್ಟಗಳ ಪರಿಸರ ಚರಿತ್ರೆಯನ್ನು ಕುರಿತ 1997ರ ಲೇಖನದಲ್ಲಿ ಇದರೊಳಗೆ ಮನುಷ್ಯರ ಕೈಯನ್ನೂ, ಕಾಡು ಸವರಿ ಸುಟ್ಟು ಬಿತ್ತುವ ಬೇಸಾಯವನ್ನೂ ಕಂಡರು.

ಮಳೆಯೋ ಕೊಡಲಿಯೋ ಎಂಬ ಈ ಪ್ರಶ್ನೆಯಲ್ಲಿ ಒಂದು ಪಕ್ಷ ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ಮಳೆ ಕುಗ್ಗಿ ತೆಳುವಾದ ಕಾಡು ಬೆಂಕಿಗೆ ಬೇಗ ಸಿಗುತ್ತದೆ. ಬೆಂಕಿ ಬಿದ್ದಲ್ಲಿ ಹುಲ್ಲು ಬರುತ್ತದೆ. ಹುಲ್ಲಿದ್ದಲ್ಲಿಗೆ ದನ ಬರುತ್ತದೆ. ಬೂದಿದಿಬ್ಬಗಳ ಕಾಲ ಮುಗಿಯುತ್ತ ಬಂದದ್ದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಆಮೇಲೆ ಕಬ್ಬಿಣ ಕಾಣಿಸಿಕೊಳ್ಳುತ್ತದೆ. ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಅಗೆದ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನವಶಿಲಾಯುಗದ ಪದರದ ಮೇಲೆಯೇ ಕಬ್ಬಿಣದ ಪದರವಿದೆ. ಹಳ್ಳೂರು ಇರುವುದು ಮುಂಡಗೋಡದ ಪೂರ್ವಕ್ಕೆ ತಾಗಿಕೊಂಡ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಕಾಡು ಕಡಿಯುವ ಸಾಧನ ಕಾಡಿನ ಬಾಗಿಲಿನಲ್ಲಿಯೇ ಸಿಕ್ಕಿದೆ.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡಿನ ಎಲ್ಲೆಗಳಾಗಿ ಹೇಳುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ನಾಲ್ಕೂ ಮಳೆ ಕಡಿಮೆಯ ಬಯಲಿನ ಊರುಗಳು; ನಮ್ಮ ಗೆರೆಯ ಪೂರ್ವಕ್ಕಿವೆ. ಅದರ ಮರುಶತಮಾನದಲ್ಲಿ ಪಂಪ ಪುಲಿಗೆರೆಯ ಕನ್ನಡದಲ್ಲಿ ಬರೆಯುತ್ತಲೇ ಹಂಬಲಿಸಿದ್ದು ಗೆರೆಯ ಪಶ್ಚಿಮದ ಬನವಾಸಿಗೆ. ನಾವು ಆ ಹಂಬಲವನ್ನು ನಿಸರ್ಗವರ್ಣನೆಯೆಂದು ಓದಿ ಮುಗಿಸಿದ್ದೇವೆ. ನೀರಿನ ಚರಿತ್ರೆಯ ಬೆಳಕಿನಲ್ಲಿ ಓದಿದವರು ವಿರಳ. ಶರಣರ ಚರಿತ್ರೆಯೂ ಈ ಗೆರೆಯನ್ನು ದಾಟುತ್ತದೆ. ಕಲ್ಯಾಣದ ಒಣನೆಲದಿಂದ ಹೊರಟವರು ಚನ್ನಬಸವಣ್ಣನೊಡನೆ ಜೊಯಿಡಾದ ಉಳವಿಯ ಕಾಡನ್ನು ಸೇರಿದರೆಂಬ ಪರಂಪರೆಯಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಬಯಲುಸೀಮೆಯ ಚಕ್ಕಡಿಗಳು ಇಂದಿಗೂ ಆ ದಾರಿ ತುಳಿಯುತ್ತವೆ.

ಊರಹೆಸರುಗಳಲ್ಲಿಯೂ ಕೆಲಸವಿದೆ. ಮುಂಡಗೋಡ ತಾಲ್ಲೂಕಿನ ನಂದಿಕಟ್ಟಾ, ಉಗ್ಗಿನಕೇರಿ ಮುಂತಾದವು ನೀರು ಕಟ್ಟಿ ನಿಲ್ಲಿಸಿದ ನೆನಪನ್ನು ಹೊತ್ತಿರಬಹುದು. ಇಂಥ ಹೆಸರುಗಳು ಜೊಯಿಡಾದ ಕಡೆಗೆ ಹೋದಂತೆ ವಿರಳವಾಗಿ, ‘ವಾಡ’ದಂಥ ಕೊನೆಗಳು ಹೆಚ್ಚುತ್ತವೆ. ಆದರೆ ಉತ್ತರಪದದ ‘ಕೇರಿ’ ಕೆರೆಯೋ ಓಣಿಯೋ ಎಂಬುದು ಕೋಶದಿಂದ ತೀರ್ಮಾನವಾಗದು, ಊರಿಗೇ ಹೋಗಬೇಕು. ಕ್ಷೇತ್ರಕಾರ್ಯದಲ್ಲಿ ಹೀಗೆ ಕೇಳಿದಾಗ ಹಿರಿಯರೊಬ್ಬರು, “ಕೆರಿ ಇದ್ದದ್ದಕ್ಕ ಊರಾತು, ಊರಿದ್ದದ್ದಕ್ಕ ಕೆರಿ ಹೋತು” ಎಂದರು. ನನ್ನ ಟಿಪ್ಪಣಿಪುಸ್ತಕದ ಉಳಿದ ಪುಟಗಳಿಗಿಂತ ಆ ಮಾತು ಹೆಚ್ಚು ಕೆಲಸಕ್ಕೆ ಬಂದಿದೆ. ಕೆರೆ ಕಟ್ಟಿಸುವುದು, ದುರಸ್ತಿ ಮಾಡಿಸುವುದು ಅರಸನ ಕೀರ್ತಿಯಾದದ್ದು ಕದಂಬರ ಕಾಲದಿಂದಲೇ. ಚಂದ್ರವಳ್ಳಿಯ ಮಯೂರಶರ್ಮನ ಶಾಸನ, ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ಹೇಳುವ ತಾಳಗುಂದದ ಸ್ತಂಭಶಾಸನ ಎರಡೂ ಕೆರೆಯ ಶಾಸನಗಳು. ಅವುಗಳಲ್ಲಿ ನಾವು ವಂಶಾವಳಿಯನ್ನಷ್ಟೇ ಹೆಕ್ಕಿಕೊಂಡಿದ್ದೇವೆ.

ಇದು ಕೇವಲ ಪುರಾತನದ ಜಿಜ್ಞಾಸೆಯಲ್ಲ. ಜೊಯಿಡಾ, ದಾಂಡೇಲಿಗಳ ಕಾಡು ಮನುಷ್ಯನ ಹೆಜ್ಜೆ ಬೀಳದ ಅನಾದಿ ಅರಣ್ಯವೆಂಬ ಕಲ್ಪನೆ ಬಲವಾಗಿ ಬೇರೂರಿದೆ. 2007ರಲ್ಲಿ ಈ ಕಾಡಿನ ಬಹುಭಾಗ ಹುಲಿ ಮೀಸಲು ಪ್ರದೇಶವಾಯಿತು. ಕುಮರಿ ಬೇಸಾಯವನ್ನು ಬ್ರಿಟಿಷರ ಕಾಲದಲ್ಲಿ ನಿರ್ಬಂಧಕ್ಕೆ ಒಳಗಾಗಿಸಿಕೊಂಡ ಕುಣಬಿಯರು, ಎಮ್ಮೆ ಕಾಯುವ ಗೌಳಿಗರು ಇಲ್ಲಿ ಅತಿಕ್ರಮಣಕಾರರೆಂಬ ಮಾತು ಕೇಳಬೇಕಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ಸಿದ್ಧಪಡಿಸಬೇಕು. ಕಡಲಿನ ಪರಾಗ ಯಾವ ಕುಟುಂಬದ ವಂಶಾವಳಿಯನ್ನೂ ಸಿದ್ಧಪಡಿಸುವುದಿಲ್ಲ. ಗೌಳಿದಡ್ಡಿಯನ್ನು ಬೂದಿಹಾಳದ ದೊಡ್ಡಿಯ ನೇರ ವಾರಸುದಾರನೆಂದು ಕರೆಯುವುದೂ ಅವಸರದ ಮಾತಾದೀತು. ಆದರೆ ಈ ಕಾಡಿಗೆ ಮನುಷ್ಯನೇ ಹೊಸಬನೆಂಬ ವಾದ, ಸುಭಾಷ್ ಚಂದ್ರನ್ ಅವರ ಓದನ್ನು ಅರ್ಧದಷ್ಟು ಒಪ್ಪಿದರೂ, ನಿಲ್ಲಲಾರದು.

ಸಾಕ್ಷ್ಯ ನಮಗಾಗಿ ಕಾಯುತ್ತಿಲ್ಲ. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣವೇ 1980ರ ದಶಕದಲ್ಲಿ ಕಾಳಿಯ ಅಣೆಕಟ್ಟಿನ ನೀರಿನಡಿ ಹೋಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ ಮಲೆನಾಡೆಂಬ ಹೆಸರು ಹೆಚ್ಚಿನವರನ್ನು ಕಾಯಲಿಲ್ಲ. ಗೆರೆ ಮತ್ತೆ ಕದಲುತ್ತಿರಬಹುದು. ಹಳಿಯಾಳ, ಮುಂಡಗೋಡಗಳ ಕೆರೆಗಳ ಹೆಸರು, ತೂಬಿನ ಕಲ್ಲು, ಏರಿಯ ಮೇಲಿನ ವೀರಗಲ್ಲುಗಳನ್ನು ಊರೂರಿನ ಮಳೆಯ ಪ್ರಮಾಣದೊಡನೆ ಒಂದೇ ನಕಾಶೆಯ ಮೇಲೆ ಗುರುತಿಸಲು ಇಬ್ಬರು ವಿದ್ಯಾರ್ಥಿಗಳು, ಎರಡು ಬೇಸಿಗೆ ಸಾಕು. ಹೂಳೆತ್ತುವ ಯಂತ್ರಗಳು ಈಗಾಗಲೇ ಕೆರೆಗಳಿಗೆ ಇಳಿಯುತ್ತಿರುವುದರಿಂದ ತೂಬಿನ ಕಲ್ಲುಗಳಿಂದಲೇ ಮೊದಲು ಮಾಡಬೇಕು.