ಗೇರಿನ ಉರಿಗೆ ಮನೆಯ ಮದ್ದು: ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ?

ಶಿವರಾತ್ರಿಯ ಚಳಿ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನಿಂದ ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಿಗೆ ಮಾವಿನ ಮಿಡಿಯ ಚೀಲಗಳು ಬರತೊಡಗುತ್ತವೆ. ತೊಟ್ಟು ಮುರಿದೊಡನೆ ಚಿಮ್ಮುವ ಸೊನೆಯಲ್ಲಿಯೇ ಅಪ್ಪೆಮಿಡಿಯ ಪರಿಮಳವೆಲ್ಲ ಅಡಗಿದೆಯೆಂದು ಬಲ್ಲವರು ಹೇಳುತ್ತಾರೆ. ಆದರೆ ಅದೇ ಸೊನೆ ಮುಂಗೈಗೋ ತುಟಿಯ ಅಂಚಿಗೋ ತಾಗಿದಾಗ ಕೆಲವರಿಗೆ ಒಡನೆಯೇ ಸುಟ್ಟಂತಾಗುತ್ತದೆ. ಮತ್ತೆ ಕೆಲವರಿಗೆ ಒಂದೆರಡು ದಿನ ಕಳೆದ ಮೇಲೆ ಚರ್ಮ ಕೆಂಪೇರಿ, ತುರಿಸಿ, ನೀರ್ಗುಳ್ಳೆಗಳೇಳುತ್ತವೆ. ಆಗ ಮನೆಯಲ್ಲಿ ವೈದ್ಯಸಭೆಯೊಂದು ತಾನಾಗಿಯೇ ಕೂಡುತ್ತದೆ. ಉಷ್ಣವಾಗಿದೆ, ಮಜ್ಜಿಗೆ ಕುಡಿಯಲಿ ಎಂದು ಅತ್ತೆಯವರ ಅಭಿಪ್ರಾಯ. ಅರಸಿನಕ್ಕೆ ನಿಂಬೆಯ ರಸ ಬೆರೆಸಿ ಹಚ್ಚಬೇಕೆಂದು ಅಜ್ಜಿಯ ಅಪ್ಪಣೆ. ನೆರೆಮನೆಯವರು ಬೇವಿನ ಎಲೆ ಅರೆದು ತರುತ್ತಾರೆ. ಮಗ ಔಷಧಿಯ ಅಂಗಡಿಯಿಂದ ಒಂದು ಟ್ಯೂಬು ಕೊಂಡುತರುತ್ತಾನೆ. ಮಜ್ಜಿಗೆಯೊಂದನ್ನು ಬಿಟ್ಟು ಉಳಿದ ಮೂರೂ ಒಂದರ ಮೇಲೊಂದರಂತೆ ಚರ್ಮಕ್ಕೇರುತ್ತವೆ. ಈ ನಾಲ್ಕರಲ್ಲಿ ಸಂಪೂರ್ಣ ನಿರಪಾಯವಾದುದು ಮಜ್ಜಿಗೆ ಮಾತ್ರವೇ ಎಂದರೆ ಅತ್ತೆಯವರ ಪಕ್ಷ ವಹಿಸಿದಂತಾದೀತು. ಆದರೂ ಅದು ಸತ್ಯವೇ ಸರಿ.

ಈ ಉರಿಯ ಮೂಲವನ್ನರಿಯಬೇಕಾದರೆ ಮಾವಿನ ನೆಂಟರಿಷ್ಟರನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು. ಮಾವು, ಗೇರು, ಕರಿಗೇರು, ಪಿಸ್ತಾ, ಅಮಟೆ ಇವೆಲ್ಲ ಒಂದೇ ಸಸ್ಯಕುಲಕ್ಕೆ ಸೇರಿದವು. ಇವುಗಳಲ್ಲಿ ಅತಿ ತೀಕ್ಷ್ಣವಾದುದು ಕರಿಗೇರು, ಅಂದರೆ ಆಯುರ್ವೇದದ ಭಲ್ಲಾತಕ. ಮರಾಠಿಯಲ್ಲಿ ಇದು ಬಿಬ್ಬಾ, ಹಿಂದಿಯಲ್ಲಿ ಭಿಲಾವಾ, ತೆಲುಗಿನಲ್ಲಿ ನಲ್ಲಜೀಡಿ, ತಮಿಳಿನಲ್ಲಿ ಸೇಂಗೊಟ್ಟೈ. ಪರನಾಡಿನಲ್ಲಿ ನೆಲೆಸಿದ ಕನ್ನಡಿಗರು ಈ ಹೆಸರುಗಳನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಹೆಸರುಗಳೇ ಇಲ್ಲಿ ಎಡವಿಸುತ್ತವೆ. ಕನ್ನಡದಲ್ಲಿ ಗೋಡಂಬಿಯೆಂದರೆ ಗೇರುಬೀಜದ ತಿರುಳು. ಮರಾಠಿಯಲ್ಲಿ ಗೋಡಂಬಿಯೆಂದರೆ ಬಿಬ್ಬೆಯ ತಿರುಳು. ಪುಣೆಯ ಕಿರಾಣಿ ಅಂಗಡಿಯಲ್ಲಿ ಪಾಯಸಕ್ಕೆಂದು ಗೋಡಂಬಿ ಕೇಳಿದ ಹೊಸ ಗೃಹಿಣಿಗೆ ಬಾಣಂತಿಯ ಉಂಡೆಗೆ ಹಾಕುವ ವಸ್ತು ದೊರೆತರೆ ಅದು ಅಂಗಡಿಯವನ ತಪ್ಪಲ್ಲ. ಶುದ್ಧಮಾಡಿದ ಆ ತಿರುಳು ತಿನ್ನಲು ಯೋಗ್ಯವೇ. ವಿಷವಿರುವುದು ಅದನ್ನು ಸುತ್ತಿದ ಕರಿಯ ಸಿಪ್ಪೆಯ ಎಣ್ಣೆಯಲ್ಲಿ. ಗೇರಿನ ವಿಷಯದಲ್ಲಿಯೂ ಹಾಗೆಯೇ. 1982ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯದಲ್ಲಿ ಚಿಪ್ಪಿನ ಚೂರುಗಳು ಬೆರೆತಿದ್ದ ಗೋಡಂಬಿಯನ್ನು ತಿಂದು ಐವತ್ತಕ್ಕೂ ಹೆಚ್ಚು ಮಂದಿ ಮೈತುಂಬ ತುರಿಕೆಯೆದ್ದು ಬಳಲಿದರು. ಮಂಗಳೂರಿನ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಬಳಿದುಕೊಳ್ಳುವ ರೂಢಿ ಬೆಳೆದುಬಂದದ್ದು ಈ ಚಿಪ್ಪಿನ ಎಣ್ಣೆಯ ಅಂಜಿಕೆಯಿಂದಲೇ.

ಅಮೇರಿಕದವರು ಇದೇ ಕುಲದ ಮತ್ತೊಂದು ಸಸ್ಯದಿಂದ ಇದೇ ಬಾಧೆಯನ್ನನುಭವಿಸುತ್ತಾರೆ. ಅವರು ಅದನ್ನು ಪಾಯ್ಸನ್ ಐವಿ ಎನ್ನುತ್ತಾರೆ. ಮೂರು ಮೂರು ಎಲೆಗಳ ಗೊಂಚಲಿನ ಈ ಬಳ್ಳಿ ಬೇಲಿಯಲ್ಲಿ, ಕಾಡಿನಂಚಿನಲ್ಲಿ, ಮನೆಯ ಹಿತ್ತಲಿನಲ್ಲಿ ಸಹ ಬೆಳೆಯುತ್ತದೆ. ಇದರ ಎಣ್ಣೆಗೆ ಉರುಷಿಯಾಲ್ ಎಂದು ಹೆಸರು. ಜಪಾನಿನಲ್ಲಿ ಪೆಟ್ಟಿಗೆ, ಬಟ್ಟಲುಗಳಿಗೆ ಹೊಳಪು ಕೊಡುವ ಅರಗಿಗೆ ಉರುಶಿ ಎನ್ನುತ್ತಾರೆ. ಆ ಅರಗನ್ನು ಕೊಡುವ ಮರವೂ ಪಾಯ್ಸನ್ ಐವಿಯ ಸೋದರನೇ ಆದುದರಿಂದ ಈ ಹೆಸರು ಬಂದಿದೆ. ಮಗಳ ಬಾಣಂತನಕ್ಕೆಂದು ಅಮೇರಿಕಕ್ಕೆ ತೆರಳುವ ತಾಯಂದಿರು ಹಿತ್ತಲಿನ ಸೊಪ್ಪಿಗೆ ಕೈಹಾಕುವ ಮೊದಲು ಈ ಮೂರೆಲೆಯ ಗುರುತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು.

ಈ ಎರಡು ದೇಶಗಳ ಗಿಡಗಳ ಬಾಂಧವ್ಯ ಬಯಲಾದ ಪ್ರಸಂಗವೊಂದು ಸ್ವಾರಸ್ಯಕರವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೇರಿಕದ ಸೈನಿಕರಲ್ಲಿ ಕೆಲವರಿಗೆ ಕತ್ತಿನ ಹಿಂಭಾಗದಲ್ಲಿ, ಸೊಂಟದ ಒಂದು ಕಡೆಯಲ್ಲಿ ಕಜ್ಜಿಯಂತೆ ಗುಳ್ಳೆಗಳೇಳತೊಡಗಿದವು. ಅವು ಏಳುತ್ತಿದ್ದದ್ದು ಬಟ್ಟೆಯ ಮೇಲೆ ಅಗಸರು ಹಾಕುವ ಗುರುತು ಚರ್ಮಕ್ಕೆ ತಾಗುವ ಸ್ಥಳದಲ್ಲಿಯೇ ಎಂಬುದನ್ನು ವೈದ್ಯರು ಕಂಡುಕೊಂಡು, 1943ರಲ್ಲಿ ಅಮೇರಿಕದ ವೈದ್ಯಪತ್ರಿಕೆಯಲ್ಲಿ ಇದನ್ನು ಧೋಬಿ ಗುರುತಿನ ಚರ್ಮರೋಗವೆಂದು ವರ್ಣಿಸಿದರು. ಅಗಸರು ಗುರುತು ಹಾಕುತ್ತಿದ್ದದ್ದು ಕರಿಗೇರಿನ ರಸದಿಂದ. ಸುಣ್ಣದ ನೀರು ತಾಗಿದರೆ ಆ ಗುರುತು ಎಷ್ಟು ಒಗೆದರೂ ಹೋಗುವುದಿಲ್ಲ. ತಮ್ಮ ನಾಡಿನಲ್ಲಿ ಪಾಯ್ಸನ್ ಐವಿ ತಾಗಿ ಪಳಗಿದ್ದ ಮೈ, ಭಾರತದ ಗೇರನ್ನು ನೋಡಿದೊಡನೆ ಹಳೆಯ ವೈರಿಯೆಂದು ಗುರುತಿಸಿಬಿಟ್ಟಿತ್ತು.

ಗುರುತಿಸುವುದು ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಈ ಎಣ್ಣೆ ಕೆಲವೇ ನಿಮಿಷಗಳಲ್ಲಿ ಚರ್ಮದೊಳಕ್ಕೆ ಇಳಿದು ಅಲ್ಲಿನ ಪ್ರೋಟೀನುಗಳೊಡನೆ ಬೆಸೆದುಕೊಳ್ಳುತ್ತದೆ. ಶರೀರದ ರಕ್ಷಣಾ ಕಣಗಳು ಅದನ್ನು ಪರಕೀಯವೆಂದು ಬಗೆದು ನೆನಪಿಟ್ಟುಕೊಳ್ಳುತ್ತವೆ. ಆದುದರಿಂದ ಮೊದಲ ಸಲ ತಾಗಿದಾಗ ಏನೂ ಆಗದಿರಬಹುದು, ಇಲ್ಲವೆ ಒಂದೆರಡು ವಾರಗಳ ಅನಂತರ ಆಗಬಹುದು. ಮತ್ತೊಮ್ಮೆ ತಾಗಿದಾಗ ಒಂದೆರಡು ದಿನಗಳಲ್ಲಿಯೇ ಉರಿ ಏಳುತ್ತದೆ. ಗುಳ್ಳೆಯೊಳಗಿನ ನೀರಿನಲ್ಲಿ ವಿಷವಿಲ್ಲ. ಆ ನೀರು ಸೋಕಿದಲ್ಲೆಲ್ಲ ಹರಡುತ್ತದೆಂದು ತಾಯಿ ಮಗುವನ್ನು ಮುಟ್ಟದೆ ದೂರವಿರಿಸುವುದು ಅನಾವಶ್ಯಕ. ಹೊಸ ಜಾಗಗಳಲ್ಲಿ ತಡವಾಗಿ ಗುಳ್ಳೆಗಳೇಳುವುದಕ್ಕೆ ಕಾರಣ, ಅಲ್ಲಿ ಎಣ್ಣೆ ಕಡಿಮೆ ತಾಗಿರುವುದು, ಅಥವಾ ಉಗುರಿನಲ್ಲಿ, ಬಟ್ಟೆಯಲ್ಲಿ, ಕತ್ತಿಯಲ್ಲಿ ಉಳಿದ ಎಣ್ಣೆ ಮತ್ತೆ ಮತ್ತೆ ತಾಗುತ್ತಿರುವುದು.

ಇಷ್ಟನ್ನು ತಿಳಿದ ಮೇಲೆ ಮನೆಮದ್ದಿನ ವಿಚಾರ. ಮನೆಮದ್ದುಗಳಲ್ಲೆಲ್ಲ ಶ್ರೇಷ್ಠವಾದುದು, ಆದರೆ ಮದ್ದೆಂದು ಯಾರೂ ಗೌರವಿಸದಿರುವುದು, ಸೋಪು ಮತ್ತು ಧಾರಾಳವಾದ ತಣ್ಣೀರು. ಸೊನೆ ತಾಗಿದ ಮೊದಲ ಹತ್ತು ನಿಮಿಷಗಳಲ್ಲಿ ಚೆನ್ನಾಗಿ ತೊಳೆದರೆ ಬಹುಭಾಗ ಅಪಾಯ ತಪ್ಪೀತು. ಅರ್ಧಗಂಟೆ ಕಳೆದರೆ ಅದರಿಂದಾಗುವ ಪ್ರಯೋಜನ ಅತ್ಯಲ್ಪ. ಉರಿ ಎದ್ದ ಮೇಲೆ ಮಾಡಬಹುದಾದುದು ತುರಿಕೆಯನ್ನು ತಗ್ಗಿಸುವುದಷ್ಟೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಕಾಲುಗಂಟೆಯಿಂದ ಅರ್ಧಗಂಟೆಯವರೆಗೆ, ದಿನದಲ್ಲಿ ಹಲವು ಸಲ ಇಡುವುದರಿಂದ ಹೆಚ್ಚಿನ ನೆಮ್ಮದಿ ದೊರೆಯುತ್ತದೆ. ನಸುಗೆಂಪು ಬಣ್ಣದ ಕ್ಯಾಲಮೈನ್ ಲೋಶನ್, ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿದ ಲೇಪ, ಅಮೇರಿಕದವರು ಸ್ನಾನದ ನೀರಿಗೆ ಬೆರೆಸುವ ನುಣ್ಣನೆಯ ಓಟ್ಸ್ ಹಿಟ್ಟು ಇವು ಅದೇ ಬಗೆಯ ಉಪಕಾರಿಗಳು. ಅಲ್ಲಿಯ ಹಳ್ಳಿಗರು ಜ್ಯೂವೆಲ್‌ವೀಡ್ ಎಂಬ ತೊರೆಯಂಚಿನ ಗಿಡದ ದಂಟನ್ನು ಜಜ್ಜಿ ಉಜ್ಜುತ್ತಾರೆ. ಇದು ಕನ್ನಡನಾಡಿನ ಗೌರೀಹೂವಿನ ಜಾತಿಯದು. ಪರೀಕ್ಷೆಗಳಲ್ಲಿ ಇದರ ಫಲ ಒಂದೇ ತೆರನಾಗಿ ಕಂಡುಬಂದಿಲ್ಲ. ಸೋಪನ್ನು ಮೀರಿಸಿದೆಯೆಂದಂತೂ ಸಿದ್ಧವಾಗಿಲ್ಲ.

ತೆಂಗಿನೆಣ್ಣೆ, ತುಪ್ಪಗಳ ವಿಷಯದಲ್ಲಿ ಸ್ವಲ್ಪ ವಿವೇಕ ಬೇಕು. ತೊಳೆದು ಶುಚಿಯಾದ, ಒಣಗಿ ಬಿಗಿದ ಚರ್ಮಕ್ಕೆ ಇವು ಹಿತವೇ. ತೊಳೆಯುವುದಕ್ಕೆ ಮುನ್ನ ಬಳಿದು ಹಾಗೆಯೇ ಬಿಟ್ಟರೆ ಸೊನೆಯ ಎಣ್ಣೆ ಈ ಎಣ್ಣೆಯಲ್ಲಿ ಕರಗಿ ಇನ್ನಷ್ಟು ಅಗಲಕ್ಕೆ ಹರಡೀತು.

ಇನ್ನು ತ್ಯಾಜ್ಯವಾದವು. ನಿಂಬೆಯ ರಸ ಬಿರಿದ ಚರ್ಮವನ್ನು ಕೆರಳಿಸುವುದಷ್ಟೇ ಅಲ್ಲ, ಅದರ ಮೇಲೆ ಬಿಸಿಲು ಬಿದ್ದರೆ ಬೇರೆಯೇ ಒಂದು ಸುಟ್ಟಗಾಯವನ್ನೂ ಕಪ್ಪು ಕಲೆಯನ್ನೂ ಉಂಟುಮಾಡುತ್ತದೆ. ಅರೆದ ಬೆಳ್ಳುಳ್ಳಿ ಚರ್ಮವನ್ನು ನಿಜವಾಗಿಯೂ ಸುಡುತ್ತದೆ. ಸುಣ್ಣ, ಸೀಮೆಎಣ್ಣೆ, ಬಟ್ಟೆಗೆ ಹಾಕುವ ಬ್ಲೀಚ್ ಇವುಗಳ ಹೆಸರನ್ನೂ ಎತ್ತಬಾರದು. ಒಡೆದ ಗುಳ್ಳೆಗೆ ಸಗಣಿ, ಬೂದಿ, ತೊಳೆಯದ ಎಲೆಯ ಹಿಂಡಿ ಹಚ್ಚಿದರೆ ಕೀವಿಗೆ, ಒಮ್ಮೊಮ್ಮೆ ಧನುರ್ವಾಯುವಿಗೆ ಬಾಗಿಲು ತೆರೆದಂತೆ. ಅರಸಿನವೂ ಎಲ್ಲರಿಗೂ ಒಗ್ಗುವ ವಸ್ತುವಲ್ಲ. ಅದರಿಂದಲೇ ಚರ್ಮ ಕೆರಳುವವರಿದ್ದಾರೆ. ಅರಸಿನವನ್ನು ನಿಂದಿಸಿದರೆ ಅನೇಕ ಹಿರಿಯರಿಗೆ ನೋವಾಗಬಹುದು. ಸಾರಿನಲ್ಲಿಯೂ ಮಂಗಳಕಾರ್ಯದಲ್ಲಿಯೂ ಅದಕ್ಕಿರುವ ಸ್ಥಾನವನ್ನು ಯಾರೂ ಕಸಿಯುತ್ತಿಲ್ಲ.

ಹೀಗಿದ್ದರೂ ಪ್ರತಿಯೊಂದು ಮನೆಯವರಿಗೂ ತಮ್ಮ ಮದ್ದೇ ರಾಮಬಾಣವೆಂಬ ನಂಬಿಕೆ ಏಕಿದೆ? ಕಾರಣ ಸರಳವಾದುದು. ಈ ಬಾಧೆ ಎರಡು ಮೂರು ವಾರಗಳಲ್ಲಿ ತಾನಾಗಿಯೇ ಮಾಗುತ್ತದೆ. ಮೊದಲ ವಾರ ಹಚ್ಚಿದ ಮದ್ದಿಗೆ ಉರಿ ಹೆಚ್ಚಿಸಿದ ಅಪಕೀರ್ತಿ, ಕೊನೆಯ ವಾರ ಹಚ್ಚಿದ ಮದ್ದಿಗೆ ಗುಣಪಡಿಸಿದ ಕೀರ್ತಿ. ಕೇರಳದಲ್ಲಿ ಚೇರು ಎಂಬ ಇದೇ ಕುಲದ ಮರದ ಉರಿಗೆ ತಾರೆಮರದ ಸುತ್ತ ಪ್ರದಕ್ಷಿಣೆ ಬರುವ ಪದ್ಧತಿಯಿತ್ತು. ಪ್ರದಕ್ಷಿಣೆ ಬಂದವರೆಲ್ಲರೂ ಗುಣಹೊಂದಿರಬೇಕು, ಬಾರದವರೂ ಗುಣಹೊಂದಿದರು. ಚರ್ಮಕ್ಕೆ ಏನನ್ನೂ ಬಳಿಯದ ಆ ಪದ್ಧತಿ ನಿಂಬೆ, ಬೆಳ್ಳುಳ್ಳಿಗಳಿಗಿಂತ ಎಷ್ಟೋ ಮೇಲು.

ಮನೆಮದ್ದನ್ನು ಹಳಿದು ಔಷಧಿ ಅಂಗಡಿಯ ಟ್ಯೂಬನ್ನು ಹೊಗಳುವವರೂ ಇಲ್ಲಿ ಪಾರಾಗುವಂತಿಲ್ಲ. ಅಂಗಡಿಯವನು ರೋಗವನ್ನು ನೋಡದೆ ಕೊಡುವ ಮಿಶ್ರಣಗಳಲ್ಲಿ ಅನೇಕವೇಳೆ ತೀಕ್ಷ್ಣವಾದ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನಗಳಲ್ಲಿ ಕೆಂಪು ಇಳಿದು ಮನೆಯವರು ಬೆರಗಾಗುತ್ತಾರೆ. ಮುಂದೆ ಹುಳುಕಡ್ಡಿಗೂ ಮೊಡವೆಗೂ ಅದೇ ಟ್ಯೂಬು ಓಡಾಡುತ್ತದೆ. ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಊರೆಲ್ಲ ಹಬ್ಬುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿತು. ನಿಯಮ ಕಾಗದದಲ್ಲಿದೆ, ಟ್ಯೂಬು ಎಷ್ಟೋ ಮನೆಗಳ ಅಲಮಾರಿನಲ್ಲಿದೆ. ವೈದ್ಯರು ವಿಚಾರಿಸಿ ಕೊಟ್ಟ ಸ್ಟೀರಾಯ್ಡ್ ಮಾತ್ರ ಈ ಬಾಧೆಗೆ ನಿಜವಾದ ಮದ್ದು ಎಂಬುದನ್ನೂ ಮರೆಯಬಾರದು. ಬಾಧೆ ಉಗ್ರವಾಗಿದ್ದಾಗ ನುಂಗಲು ಕೊಡುವ ಮಾತ್ರೆಗಳನ್ನು ಎರಡು ಮೂರು ವಾರ ಕ್ರಮವಾಗಿ ಇಳಿಸುತ್ತ ತೆಗೆದುಕೊಳ್ಳಬೇಕಾಗುತ್ತದೆ. ನಾಲ್ಕೈದು ದಿನಗಳಲ್ಲಿ ಹಿತವಾಯಿತೆಂದು ನಿಲ್ಲಿಸಿದವರಿಗೆ ಉರಿ ಮರುಕಳಿಸುವುದುಂಟು.

ಅತ್ಯಂತ ಖಂಡನೀಯವಾದುದು ಬಿಬ್ಬೆಯನ್ನೇ ಮನೆಮದ್ದಾಗಿ ಬಳಸುವ ರೂಢಿ. ಮಂಡಿನೋವಿಗೆ, ಹಲ್ಲುನೋವಿಗೆ, ನರೂಲಿಗೆ ಸೂಜಿಯಿಂದ ಚುಚ್ಚಿದ ಬಿಬ್ಬೆಯ ರಸ ಮುಟ್ಟಿಸುವವರು ಇಂದಿಗೂ ಇದ್ದಾರೆ. ಭಲ್ಲಾತಕ ಆಯುರ್ವೇದದ ಮಾನ್ಯ ಔಷಧವೆಂದು ಅವರು ವಾದಿಸಬಹುದು. ಮಾನ್ಯವಾದುದು ಹೌದು, ಆದರೆ ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ ಶೋಧನೆ ಮಾಡಿದ ಮೇಲೆ, ಬಲ್ಲ ವೈದ್ಯನ ಕೈಯಲ್ಲಿ. ಶೋಧನೆಯನ್ನು ಕಡ್ಡಾಯ ಮಾಡಿದ ಪ್ರಾಚೀನರಿಗೆ ಈ ಕಾಯಿಯ ಸ್ವಭಾವ ಇಂದಿನ ಧೈರ್ಯಶಾಲಿಗಳಿಗಿಂತ ಚೆನ್ನಾಗಿ ತಿಳಿದಿತ್ತು. ಸುಳ್ಳು ಮೊಕದ್ದಮೆ ಹೂಡಲು ಈ ರಸದಿಂದ ಮೈಮೇಲೆ ಹುಸಿ ಪೆಟ್ಟಿನ ಗುರುತು ಮಾಡಿಕೊಳ್ಳುವವರಿದ್ದರೆಂದು ಭಾರತದ ನ್ಯಾಯವೈದ್ಯಕ ಗ್ರಂಥಗಳು ದಾಖಲಿಸಿವೆ. ಅಂಥವರನ್ನು ಹಿಡಿದುಕೊಡುತ್ತಿದ್ದದ್ದು ಗುರುತಿನ ಸುತ್ತಲಿನ ಗುಳ್ಳೆಗಳು ಮತ್ತು ತುರಿಸಿಕೊಂಡ ಬೆರಳುಗಳಿಗೆ ಹತ್ತಿದ ಕಲೆ.

ಕಣ್ಣು, ಮುಖ, ಗುಹ್ಯಾಂಗಗಳಿಗೆ ಉರಿ ಹಬ್ಬಿದರೆ, ಮೈಯ ಹೆಚ್ಚಿನ ಭಾಗ ಊದಿಕೊಂಡರೆ, ಜ್ವರ ಬಂದರೆ, ಕೀವು ಕಂಡರೆ ಯಾವ ಮನೆಮದ್ದಿಗೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಪಾಯ್ಸನ್ ಐವಿಯನ್ನು, ಕರಿಗೇರಿನ ಕಟ್ಟಿಗೆಯನ್ನು ಸುಡಬಾರದು. ಹೊಗೆಯೊಡನೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಗ ಉಸಿರಾಟಕ್ಕೇ ಸಂಚಕಾರ. ಉಗುರನ್ನು ಚಿಕ್ಕದಾಗಿ ಕತ್ತರಿಸುವುದು, ಗುಳ್ಳೆಯನ್ನು ಒಡೆಯದಿರುವುದು, ಸೊನೆ ತಾಗಿದ ಸೀರೆಯ ಸೆರಗನ್ನು ಬೇರೆಯಾಗಿ ಒಗೆಯುವುದು, ಮಿಡಿ ಹೆಚ್ಚಿದ ಈಳಿಗೆಮಣೆಯನ್ನು ಸೋಪಿನ ನೀರಿನಲ್ಲಿ ಉಜ್ಜಿಟ್ಟು ಆಮೇಲೆ ಮಕ್ಕಳ ಕೈಗೆಟಕುವಲ್ಲಿ ಇಡುವುದು, ಇವು ಒಂದು ಕಾಸಿನ ಖರ್ಚೂ ಇಲ್ಲದ ಕೆಲಸಗಳು.